13 ಮೀಟರ್ ಪೋಲ್‌ಗೆ ಒಂದು ಸೀಟ್‌ಬಾಕ್ಸ್: ಮೊದಲ ಐದು ವಾರ

ಮೊದಲ ವಾರ

ಇಲ್ಲಿ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ ಪೋಲ್ ಹಿಡಿದು ಮೀನಿಗೆ ಕೂರಲು ಶುರು ಮಾಡಿ ಒಂದು ವರ್ಷವಾಯಿತು. ಇಷ್ಟು ದಿನ ಮಡಚುವ ಕುರ್ಚಿಯೇ ಗತಿ. ಕಳೆದ ಭಾನುವಾರ ನಾಲ್ಕು ಗಂಟೆ ಕೂತು ಎದ್ದಾಗ ಸೊಂಟ ಹಿಡಿದುಕೊಂಡಿತ್ತು. ಅದಕ್ಕಿಂತ ಜಾಸ್ತಿ ಬೇಸರವಾಗಿದ್ದು ದಾರದಲ್ಲಿ ತೇಲುವ ಬೆಂಡು ನೋಡಿ. ಗಾಳಿ ಇರಲಿಲ್ಲ, ನೀರು ಅಲುಗಾಡುತ್ತಿರಲಿಲ್ಲ. ಆದರೂ ನನ್ನ ಬೆಂಡು ಮಾತ್ರ ಕುಣಿಯುತ್ತಿತ್ತು. ಪಕ್ಕದ ಜಾಗದಲ್ಲಿದ್ದ ಹಿರಿಯರ ಬೆಂಡು ನೀರಿಗೆ ಚುಚ್ಚಿಟ್ಟ ಹಾಗೆ ನಿಂತಿತ್ತು. ಅವರು ಕೂತಿದ್ದು ಸೀಟ್‌ಬಾಕ್ಸ್ ಮೇಲೆ, ಅಂದರೆ ಸಾಮಾನಿಡುವ ಖಾನೆಗಳ ಮೇಲೆ ಸೀಟು, ಕೆಳಗೆ ಉದ್ದ ಹೊಂದಿಸಬಹುದಾದ ಕಾಲುಗಳಿರುವ ಪೆಟ್ಟಿಗೆ.

ಊರಲ್ಲಿ ಓದುತ್ತಿರುವವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ತುಂಗೆಯ ದಡದಲ್ಲಿ ಬಿದಿರು ಕೋಲಿಗೆ ದಾರ ಕಟ್ಟಿ, ಎರೆಹುಳ ಸಿಕ್ಕಿಸಿ ಕೂರುತ್ತಿದ್ದೆವಲ್ಲ, ಪೋಲ್ ಅಂದರೆ ಮೂಲದಲ್ಲಿ ಅದೇ. ರೀಲ್ ಇಲ್ಲ. ಕೋಲು ಮಾತ್ರ ಕಾರ್ಬನ್‌ದು, ಒಂದರೊಳಗೊಂದು ಸಿಕ್ಕಿಸುವ ತುಂಡುಗಳು. ತುದಿಯ ತುಂಡುಗಳ ಒಳಗೆ ಎಲಾಸ್ಟಿಕ್ ಓಡುತ್ತದೆ, ಮೀನು ಎಳೆದರೆ ಅದು ಹಿಗ್ಗುತ್ತದೆ. ನನ್ನದು 13 ಮೀಟರ್. ತೂಕ ಕಡಿಮೆಯೇ, ಆದರೆ ಅಷ್ಟು ಉದ್ದ ಮುಂದಕ್ಕೆ ಚಾಚಿಕೊಂಡಾಗ ಕೈಯೊಂದೇ ಅದನ್ನು ತಡೆಯಲಾರದು. ಪೋಲ್ ತೊಡೆಯ ಮೇಲೆ ಕೂರಬೇಕು, ಮುಂಗೈ ಅದನ್ನು ಮೇಲಿಂದ ಒತ್ತಿ ಹಿಡಿಯಬೇಕು. ಕುರ್ಚಿಯಲ್ಲಿ ತೊಡೆ ಇಳಿಜಾರಾಗುತ್ತದೆ. ತೊಡೆ ಒಂದಿಷ್ಟು ಅಲುಗಿದರೆ ಸಾಕು, ಆ ತುದಿಯಲ್ಲಿ ಬೆಂಡು ಗೇಣುದ್ದ ಹಾರುತ್ತದೆ.

ಹಾಗಾಗಿ ಬಾಕ್ಸ್ ಕೊಳ್ಳುವುದು ಅಂತ ತೀರ್ಮಾನವಾಯಿತು.

ಎರಡನೇ ವಾರ

ನೋಡಲು ಹೋದರೆ ನೂರೆಂಟು ಬಗೆ. ಪ್ರೆಸ್ಟನ್, ಮ್ಯಾಟ್ರಿಕ್ಸ್, ಫ್ರಾನ್ಸಿನ ರೀವ್. ಆದರೆ ಹೆಸರಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಬಾಕ್ಸಿನ ಕಾಲಿನ ದಪ್ಪ ಎಷ್ಟು? 25, 30, 36 ಮಿಲಿಮೀಟರ್, ಈ ಮೂರು ಅಳತೆ ಹೆಚ್ಚಾಗಿ ಸಿಗುತ್ತವೆ. ಟ್ರೇ, ಬಲೆ ಸಿಕ್ಕಿಸುವ ತೋಳು, ಪೋಲ್ ಇಡುವ ಕಂಬಿ ಎಲ್ಲವನ್ನೂ ಈ ಕಾಲುಗಳಿಗೇ ಕಚ್ಚಿಸಬೇಕು. ಅಳತೆ ತಪ್ಪಿದರೆ ಕಾಲನ್ನು ಕಚ್ಚುವ ಹಿಡಿಕೆ (ಕ್ಲಾಂಪ್) ಸುಮ್ನೆ ಜಾರುತ್ತದೆ. ದೊಡ್ಡ ಹಿಡಿಕೆಯನ್ನು ಸಣ್ಣ ಕಾಲಿಗೆ ಹಾಕಲು ಪ್ಲಾಸ್ಟಿಕ್ ಬಳೆಗಳು ಸಿಗುತ್ತವೆ. ಸಣ್ಣ ಹಿಡಿಕೆಯನ್ನು ದಪ್ಪ ಕಾಲಿಗೆ ಹಾಕಲು ದಾರಿ ಇಲ್ಲ.

25ರ ಬಾಕ್ಸ್ ಹಗುರ, ಕಡಿಮೆ ಬೆಲೆ. ಆದರೆ ಅಂಗಡಿಯಲ್ಲಿ ಕೂತು ನೋಡಿದೆ. ಕಾಲು ಪೂರ್ತಿ ಎಳೆದು ಕೂತರೆ ಸಣ್ಣ ಓಲಾಟ ಇದ್ದೇ ಇತ್ತು. ಆ ಓಲಾಟ ತಪ್ಪಿಸಲೆಂದೇ ನಾನು ಬಾಕ್ಸ್ ಕೊಳ್ಳುತ್ತಿರುವುದು, ಅಲ್ವಾ? 36ರದ್ದೇ ಬೇಕು ಅಂತ ಕಾದು, ಸೆಕೆಂಡ್ ಹ್ಯಾಂಡ್‌ನಲ್ಲಿ 160 ಪೌಂಡ್‌ಗೆ ಒಂದು ಹಿಡಿದೆ. ಆರು ಕಾಲು: ನಾಲ್ಕು ಬಾಕ್ಸಿಗೆ, ಎರಡು ಮುಂದೆ ಎಳೆದುಕೊಳ್ಳುವ ಪಾದದ ಹಲಗೆಗೆ. ಮನೆಗೆ ತಂದ ಮೇಲೆ ಗೊತ್ತಾಯಿತು, ಹಿಂದಿನ ಎಡಗಾಲಿನ ತಿರುಪಿನ ಹಲ್ಲು ಸವೆದಿದೆ. ಎಷ್ಟು ತಿರುಗಿಸಿದರೂ ಬಿಗಿಯಾಗುವುದಿಲ್ಲ. ಮಾರಿದವರು ಹೇಳಿರಲಿಲ್ಲ. ಹೊಸ ತಿರುಪು ಹಾಕಿದೆ, ಸರಿಹೋಯಿತು. ನೀವು ಹಳೆಯದು ಕೊಳ್ಳುವುದಾದರೆ ದಯವಿಟ್ಟು ಒಂದೊಂದು ತಿರುಪನ್ನೂ ಬಿಗಿ ಮಾಡಿ, ಮೇಲೆ ಕೂತು, ಆಮೇಲೆ ದುಡ್ಡು ಕೊಡಿ.

ಮೂರನೇ ವಾರ

ಈ ವಾರ ಪೂರ್ತಿ ಎತ್ತರದ್ದೇ ಕೆಲಸ. ಹಾಲ್‌ನಲ್ಲಿ ಹಳೇ ಬೆಡ್‌ಶೀಟ್ ಹಾಸಿ ಬಾಕ್ಸ್ ನಿಲ್ಲಿಸಿದೆ. ಪಾದ ಹಲಗೆಯ ಮೇಲೆ ಚಪ್ಪಟೆಯಾಗಿ ಊರಬೇಕು, ಮೊಣಕಾಲು ಲಂಬಕೋನದಲ್ಲಿ ಮಡಚಿರಬೇಕು, ತೊಡೆ ನೆಲಕ್ಕೆ ಸಮವಾಗಿರಬೇಕು. ಇಷ್ಟೇ ಸೂತ್ರ. ಕೂತೆ, ಎಲ್ಲಾ ಸರಿ ಅನ್ನಿಸಿತು. ಬದಿಯಿಂದ ನೋಡುತ್ತಿದ್ದ ನನ್ನವಳು, "ರೀ, ನಿಮ್ಮ ಹಿಮ್ಮಡಿ ಎದ್ದಿದೆ ನೋಡಿ" ಅಂದಳು. ಬಗ್ಗಿ ನೋಡಿದರೆ ಹೌದು. ಬೆರಳ ತುದಿಯ ಮೇಲೆ ಕೂತಿದ್ದೇನೆ. ನನಗೆ ಗೊತ್ತೇ ಆಗಿರಲಿಲ್ಲ. ಹೀಗೆ ಕೂತರೆ ಹತ್ತು ನಿಮಿಷಕ್ಕೆ ಮೀನಖಂಡ ನಡುಗಲು ಶುರುವಾಗುತ್ತದೆ, ತೊಡೆ ನಡುಗುತ್ತದೆ, ಮತ್ತೆ ಅದೇ ಬೆಂಡಿನ ಕುಣಿತ.

ಟೇಪ್ ಹಿಡಿದೆವು. ಹಲಗೆಯಿಂದ ಸೀಟಿನ ಮೇಲ್ಭಾಗಕ್ಕೆ 47 ಸೆಂಟಿಮೀಟರ್. ನನ್ನ ಪಾದದಿಂದ ಮೊಣಕಾಲ ಹಿಂಬದಿಯ ಮಡಿಕೆಗೆ 41. ಹಳೆಯ ಯಜಮಾನರು ಎತ್ತರದ ಆಳು ಇದ್ದಿರಬೇಕು. ಕಾಲು ಗಿಡ್ಡ ಮಾಡಿದರೆ ಆಯಿತಲ್ಲ ಅಂತ ನಾನೂ ಮೊದಲು ಅಂದುಕೊಂಡೆ. ಆಗುವುದಿಲ್ಲ. ಕಾಲು ಇಳಿಸಿದರೆ ಬಾಕ್ಸ್ ಜೊತೆಗೆ ಹಲಗೆಯೂ ಇಳಿಯುತ್ತದೆ, ನಡುವಿನ ಅಂತರ ಅಷ್ಟೇ ಇರುತ್ತದೆ. ಆ ಅಂತರ ಬದಲಾಗುವುದು ಸೀಟಿನ ಕೆಳಗೆ ಜೋಡಿಸಿದ ಖಾನೆಗಳಿಂದ. ಕ್ಲಿಪ್ ಬಿಚ್ಚಿ 6 ಸೆಂಟಿಮೀಟರ್‌ನ ಒಂದು ಖಾನೆ ತೆಗೆದೆ. 41 ಆಯಿತು. ಹಿಮ್ಮಡಿ ಊರಿತು. ಪೋಲಿನ ಹಿಂದಿನ ನಾಲ್ಕು ತುಂಡು ಸೇರಿಸಿ ತೊಡೆಯ ಮೇಲಿಟ್ಟೆ. ಅಲುಗಲಿಲ್ಲ. ತುಂಬಾ ಖುಷಿಯಾಯಿತು.

ನಾಲ್ಕನೇ ವಾರ

ಮೊದಲ ಬಾರಿ ಕೆರೆಗೆ. ಊರ ಹೊರಗಿನ ಕಮರ್ಷಿಯಲ್ ಕೆರೆ ಇದು, ದಿನಕ್ಕೆ ದುಡ್ಡು ಕೊಟ್ಟು ಕೂರುವುದು. ರಾಡ್ ಲೈಸೆನ್ಸ್, ಅಂದರೆ ಮೀನು ಹಿಡಿಯುವ ಪರವಾನಗಿ, ಬೇರೆ ಇರಲೇಬೇಕು.

ಜಾಗ ಆರಿಸುವಾಗ ನಾನು ಮೊದಲು ನೋಡುವುದು ಮೇಲಕ್ಕೆ. ಕಾರ್ಬನ್ ವಿದ್ಯುತ್ ಹರಿಸುತ್ತದೆ. ತಲೆಯ ಮೇಲಿನ ಕರೆಂಟ್ ತಂತಿಯಿಂದ 30 ಮೀಟರ್ ದೂರ ಇರಬೇಕು ಅಂತ ಇಲ್ಲಿ ನಿಯಮ ಹೇಳಿಕೊಡುತ್ತಾರೆ. ಬಾಕ್ಸ್ ಒಮ್ಮೆ ಹೂಡಿದ ಮೇಲೆ ಎತ್ತಿ ಬೇರೆ ಕಡೆ ಇಡಲು ಸೋಮಾರಿತನ ಬರುತ್ತದೆ, ಅದಕ್ಕೇ ಇದು ಮೊದಲ ಕೆಲಸ.

ಬೆಂಡು ಎಲ್ಲಿ ನಿಲ್ಲಬೇಕೋ ಅತ್ತ ಬಾಕ್ಸ್ ತಿರುಗಿಸಿ ಇಟ್ಟೆ. ಇಳಿಜಾರು ದಡ, ಹಾಗಾಗಿ ಮುಂದಿನ ಕಾಲು ಉದ್ದ, ಹಿಂದಿನದು ಗಿಡ್ಡ. ಅಂಗೈಯಗಲದ ರಸಮಟ್ಟವನ್ನು ಸೀಟಿನ ಮೇಲೆ ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಇಟ್ಟು ಗುಳ್ಳೆ ನಡುವೆ ನಿಲ್ಲಿಸಿದೆ. ಕೂತೆ. ಪೋಲ್ ಚಾಚಿದೆ. ಮೊಣಕಾಲು ಎದ್ದುಕೊಂಡಿದೆ! ಮನೆಯಲ್ಲಿ 41 ಸರಿ ಇದ್ದದ್ದು ಇಲ್ಲಿ ಹೇಗೆ ತಪ್ಪಿತು? ಐದು ನಿಮಿಷ ಯೋಚಿಸಿದ ಮೇಲೆ ಕಾಲ ಕಡೆ ನೋಡಿದೆ. ಬೂಟು. ಮನೆಯೊಳಗೆ ನಾವು ಬೂಟು ಹಾಕುವುದಿಲ್ಲ, ಅಳತೆ ತೆಗೆದಿದ್ದು ಬರಿಗಾಲಲ್ಲಿ. ಈ ಗಂ ಬೂಟಿನ ತಳವೇ 3 ಸೆಂಟಿಮೀಟರ್. ಆ ದಿನ ಮಡಚಿದ ಟವೆಲ್ ಹಾಕಿಕೊಂಡು ಕೂತೆ. ಮರುದಿನ 3 ಸೆಂಟಿಮೀಟರ್‌ನ ತೆಳು ಟ್ರೇ ಒಂದನ್ನು ಸೇರಿಸಿದೆ, ಕೊಕ್ಕೆ ಕಟ್ಟಿದ ದಾರ ಸುತ್ತಿಡುವ ಚೌಕಟ್ಟುಗಳಿಗೆ ಅದು ಹೇಳಿಮಾಡಿಸಿದ ಹಾಗಿದೆ. ಈಗ 44. ಇದೇ ನನ್ನ ಅಳತೆ.

ಇನ್ನೊಂದು ಪಾಠವೂ ಅದೇ ದಿನ ಆಯಿತು. ಹಿಂದಿನ ರಾತ್ರಿ ಮಳೆ ಬಂದಿತ್ತು. ರೀಲ್ ಇಲ್ಲವಲ್ಲ, ದಾರ ಕೈಗೆ ಸಿಗಬೇಕಾದರೆ ಪೋಲನ್ನೇ ಹಿಂದಕ್ಕೆ ಎಳೆದು, ಹಿಂದಿನ ತುಂಡುಗಳನ್ನು ಬಿಚ್ಚಿಡಬೇಕು. ಹಾಗೆ ಎಳೆಯುವಾಗ ಮೈಭಾರ ಬಲಕ್ಕೆ ವಾಲುತ್ತದೆ. ಮೂರನೇ ಸಲಕ್ಕೆ ಹಿಂದಿನ ಬಲಗಾಲು ಕೆಸರಿಗೆ ಇಳಿದು ಬಾಕ್ಸ್ ಓರೆಯಾಯಿತು. ಪಕ್ಕದ ಹಿರಿಯರು ಎದ್ದು ಬಂದು ಹೇಳಿಕೊಟ್ಟರು. ತಿರುಪು ಕೊನೆಗೆ ಬಿಗಿ ಮಾಡುವ ಮುಂಚೆ ನಾಲ್ಕು ಮೂಲೆಯಲ್ಲೂ ಭಾರ ಹಾಕಿ ಕೂತು ಒತ್ತಬೇಕು. ಇಳಿಯುವಷ್ಟು ಇಳಿಯಲಿ. ಆಮೇಲೆ ಮತ್ತೆ ರಸಮಟ್ಟ. ಕಾಲಿನ ತುದಿಗೆ ಹಾಕುವ ಅಗಲ ಬಿಲ್ಲೆಗಳನ್ನೂ ತರಿಸಿದ್ದೇನೆ.

ಐದನೇ ವಾರ

ಉಳಿದ ಜೋಡಣೆ ಬೇಗ ಮುಗಿಯಿತು. ನಾನು ಬಲಗೈಯವನು, ಪೋಲ್ ಬಲಬದಿಯಿಂದ ಹಿಂದಕ್ಕೆ ಹೋಗುತ್ತದೆ. ಹಾಗಾಗಿ ಪೆಲೆಟ್ (ಮೀನಿಗೆ ಹಾಕುವ ಮೇವಿನ ಗುಳಿಗೆ), ಜೋಳದ ಟ್ರೇ ಎಡಕ್ಕೆ. ಮೀನೆತ್ತುವ ಬಲೆಯೂ ಎಡಕ್ಕೆ. ಹಿಂದೆ, ಪೋಲ್ ನೆಲಕ್ಕೆ ತಾಗದೆ ಉರುಳಿ ಹೋಗಲು ಎರಡು ರೋಲರ್. ಪೋಲ್ ಬಿಚ್ಚುವ ಜಾಗ ಕೈಗೆ ಬಂದಾಗ ಹಿಂದಿನ ಭಾಗ ರೋಲರ್ ಮೇಲೆ ತಕ್ಕಡಿಯಂತೆ ಸಮ ನಿಲ್ಲಬೇಕು. ಅದಕ್ಕೆ ರೋಲರ್‌ಗಳನ್ನು ನಾಲ್ಕು ಸಲ ಹಿಂದೆ ಮುಂದೆ ಸರಿಸಿದೆ.

ತೂಕವನ್ನೂ ನೋಡಿದೆ. ಬೆಂಗಳೂರಿಗೆ ಹೋಗುವಾಗ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ಇದೆಯಲ್ಲ, ಅದಕ್ಕೇ ನೇತು ಹಾಕಿದೆ. ಎಲ್ಲಾ ತುಂಬಿ 26 ಕೆಜಿ. ಹೆಗಲ ಮೇಲೆ ಹೊರುವ ಮಾತೇ ಇಲ್ಲ. ಎರಡು ಚಕ್ರದ ಗಾಡಿಯೊಂದು ಬೇಕು. 25ರ ಬಾಕ್ಸ್ ಆಗಿದ್ದರೆ ಹಗುರ ಇರುತ್ತಿತ್ತು, ನಿಜ. ಆದರೂ ನನ್ನ ಆಯ್ಕೆ ಬದಲಾಗುವುದಿಲ್ಲ.

ಯಾಕೆಂದರೆ ಶನಿವಾರ ಐದು ಗಂಟೆ ಕೂತೆ. ಸೊಂಟ ನೋಯಲಿಲ್ಲ. ಬೆಂಡಿನ ಕೆಂಪು ತುದಿ ನೀರಿನ ಮೇಲೆ ಅಕ್ಕಿಕಾಳಿನಷ್ಟು ಕಾಣುತ್ತಿತ್ತು, ಅಲುಗದೆ. ಒಮ್ಮೆ ಅದು ಅರ್ಧ ಕಾಳಿನಷ್ಟಾಯಿತು. ಮೊದಲಾಗಿದ್ದರೆ ನನ್ನದೇ ನಡುಕ ಅಂದುಕೊಂಡು ಬಿಟ್ಟುಬಿಡುತ್ತಿದ್ದೆ. ಎತ್ತಿದೆ. ಎಲಾಸ್ಟಿಕ್ ಸರ್ರನೆ ಹೊರಬಂತು. ಎಫ್1, ಅಂದರೆ ಕಾಮನ್ ಕಾರ್ಪ್ ಮತ್ತು ಕ್ರೂಷಿಯನ್ ಕಾರ್ಪ್‌ನ ಮಿಶ್ರತಳಿ, ಒಂದು ಕೆಜಿಯ ಆಸುಪಾಸು. ಒದ್ದೆ ಕೈಯಲ್ಲಿ ಹಿಡಿದು, ಮುಳ್ಳಿಲ್ಲದ ಕೊಕ್ಕೆ ಬಿಡಿಸಿ, ನೀರಿಗೆ ಬಿಟ್ಟೆ.

ಮುಂದಿನ ವಾರ ಗ್ರ್ಯಾಂಡ್ ಯೂನಿಯನ್ ಕಾಲುವೆಗೆ ಹೋಗಬೇಕು ಅಂತಿದ್ದೇನೆ. ಅಲ್ಲಿ ಬಾಕ್ಸಿನ ಹಿಂದೆಯೇ ಜನ, ಸೈಕಲ್ ಓಡಾಡುವ ದಾರಿ. ಪೋಲ್ ಹಿಂದಕ್ಕೆ ತಳ್ಳುವ ಮುಂಚೆ ಪ್ರತಿ ಸಲ ಎರಡೂ ಕಡೆ ನೋಡಬೇಕು, ರೋಲರ್ ಇಡಲೂ ಜಾಗ ಕಡಿಮೆ. 13 ಮೀಟರ್ ಬಿಟ್ಟು 8 ಮೀಟರ್‌ನಲ್ಲೇ ಶುರು ಮಾಡಿ ನೋಡುತ್ತೇನೆ.