ದಕ್ಷಿಣ ಚೀನಾ ಸಮುದ್ರದಲ್ಲಿ ಯುದ್ಧ ಯಾವಾಗ ಶುರುವಾಗುತ್ತೆ?

ಈ ವಿಷಯ ಎತ್ತಿದಾಗಲೆಲ್ಲ ನನಗೆ ಬರುವ ಪ್ರಶ್ನೆ ಇದೇ. ನನ್ನ ಉತ್ತರವೂ ಯಾವಾಗಲೂ ಒಂದೇ: ಯುದ್ಧಕ್ಕಾಗಿ ಕಾಯಬೇಡಿ, ಚೀನಾಗೆ ಬೇಕಾದದ್ದು ಯುದ್ಧವಿಲ್ಲದೆಯೇ ಸಿಗುತ್ತಿದೆ.

ಪಕ್ಕದ ಹೊಲದವನು ವರ್ಷಕ್ಕೊಂದು ಗೇಣು ಬದು ಒತ್ತುವುದನ್ನು ನೋಡಿದ್ದೀರಲ್ವಾ? ಒಂದು ಗೇಣಿಗೆ ಯಾರು ಹೊಡೆದಾಡುತ್ತಾರೆ? 1995ರಲ್ಲಿ ಫಿಲಿಪೈನ್ಸ್‌ಗೆ ಹತ್ತಿರದ ಮಿಸ್ಚೀಫ್ ರೀಫ್ ಎಂಬ ಹವಳದ ದಿಬ್ಬದ ಮೇಲೆ ಚೀನಾ ಕೆಲವು ಗುಡಿಸಲು ಕಟ್ಟಿತು, ಮೀನುಗಾರರಿಗೆ ಆಸರೆ ಎಂದು ಹೇಳಿತು. ಈಗ ಅಲ್ಲಿ ಯುದ್ಧವಿಮಾನ ಇಳಿಯುವಂಥ ರನ್‌ವೇ ಇದೆ.

ಫಿಲಿಪೈನ್ಸ್‌ಗೆ ದೊಡ್ಡ ನೌಕಾಪಡೆ ಇರಲಿಲ್ಲ. 1999ರಲ್ಲಿ ಅದು ಎರಡನೇ ಮಹಾಯುದ್ಧದ ಕಾಲದ ಸಿಯೆರಾ ಮಾದ್ರೆ ಎಂಬ ಹಡಗನ್ನು ಬೇಕಂತಲೇ ಸೆಕೆಂಡ್ ಥಾಮಸ್ ಶೋಲ್ ಎಂಬ ಇನ್ನೊಂದು ದಿಬ್ಬಕ್ಕೆ ಹತ್ತಿಸಿ ಅಲ್ಲೇ ಬಿಟ್ಟುಬಿಟ್ಟಿತು. ಹಡಗು ತುಕ್ಕು ಹಿಡಿದು ತೂತು ಬಿದ್ದಿದೆ, ಆದರೂ ದಾಖಲೆಯಲ್ಲಿ ಅದು ಇನ್ನೂ ನೌಕಾಪಡೆಯ ಹಡಗು, ಅದರ ಮೇಲೆ ದಾಳಿ ಮಾಡಿದರೆ ದೇಶದ ಮೇಲೇ ದಾಳಿ ಮಾಡಿದಂತೆ, ಆಗ 1951ರ ರಕ್ಷಣಾ ಒಪ್ಪಂದದ ಪ್ರಕಾರ ಅಮೆರಿಕ ನೆರವಿಗೆ ಬರಬೇಕಾಗುತ್ತದೆ. ಅದಕ್ಕೇ ಚೀನಾ ಹಡಗನ್ನು ಮುಟ್ಟುವುದಿಲ್ಲ. ಬದಲಿಗೆ ಅದರಲ್ಲಿರುವ ಬೆರಳೆಣಿಕೆಯ ಸೈನಿಕರಿಗೆ ಅನ್ನ ನೀರು ತರುವ ದೋಣಿಗಳನ್ನು ತಡೆಯುತ್ತಿತ್ತು. 2024ರ ಜೂನ್‌ನಲ್ಲಿ ಚೀನಾದವರು ಕೊಡಲಿ, ಚಾಕು ಹಿಡಿದು ಆ ದೋಣಿಗಳ ಮೇಲೆ ಬಿದ್ದರು. ಒಬ್ಬ ನಾವಿಕನ ಹೆಬ್ಬೆರಳು ಹೋಯಿತು. ಗುಂಡು ಮಾತ್ರ ಹಾರಲಿಲ್ಲ. ಅದನ್ನು ಯುದ್ಧ ಅನ್ನೋಕೂ ಆಗಲ್ಲ, ಶಾಂತಿ ಅನ್ನೋಕೂ ಆಗಲ್ಲ.

"ಫಿಲಿಪೈನ್ಸ್‌ಗೆ ನಮ್ಮ ಬ್ರಹ್ಮೋಸ್ ಕ್ಷಿಪಣಿ ಕೊಟ್ಟಿದ್ದೀವಲ್ಲ?" ಅಂತಲೂ ಕೇಳುತ್ತಾರೆ. ಹೌದು, 2022ರಲ್ಲಿ ಒಪ್ಪಂದ ಆಯಿತು, 2024ರ ಏಪ್ರಿಲ್‌ನಲ್ಲಿ ಮೊದಲ ಕಂತು ಹೋಯಿತು. ನನಗೂ ಅದು ಹೆಮ್ಮೆಯೇ. ದೊಡ್ಡ ದಾಳಿಗೆ ಹೆದರಿಕೆ ಹುಟ್ಟಿಸಲು ಅದು ಬೇಕು. ಆದರೆ ಜಲಫಿರಂಗಿಯಿಂದ ನೀರು ಹಾರಿಸುವ ಕೋಸ್ಟ್ ಗಾರ್ಡ್ ಹಡಗಿನ ಮೇಲೆ ಕ್ಷಿಪಣಿ ಬಿಟ್ಟರೆ, ಯುದ್ಧ ಶುರುಮಾಡಿದ್ದು ಫಿಲಿಪೈನ್ಸೇ ಅಂತಾಗುತ್ತದೆ.

ಕಾನೂನೂ ಫಿಲಿಪೈನ್ಸ್ ಕಡೆಗೇ ಇದೆ. ಸಮುದ್ರದ ಬಹುಭಾಗದ ಮೇಲೆ ಗೆರೆ ಎಳೆದು ಹಕ್ಕು ಕೇಳಲು ಚೀನಾಗೆ ಆಧಾರವಿಲ್ಲ ಎಂದು 2016ರ ಜುಲೈ 12ರಂದು ಹೇಗ್‌ನ ಮಧ್ಯಸ್ಥಿಕೆ ನ್ಯಾಯಮಂಡಳಿ ಹೇಳಿತು. ಚೀನಾ ಅದನ್ನು ಒಪ್ಪಲಿಲ್ಲ, ಒಪ್ಪಿಸುವವರೂ ಯಾರೂ ಇಲ್ಲ. ಸ್ಕಾರ್ಬರೋ ಶೋಲ್ ಎಂಬ ಮತ್ತೊಂದು ದಿಬ್ಬದ ಬಳಿ ತಲೆತಲಾಂತರದಿಂದ ಮೀನು ಹಿಡಿಯುತ್ತಿದ್ದ ಫಿಲಿಪಿನೋ ಬೆಸ್ತರ ಹಕ್ಕನ್ನೂ ಆ ತೀರ್ಪು ಎತ್ತಿಹಿಡಿದಿತ್ತು. ಈಗಲೂ ಅವರು ಹತ್ತಿರ ಹೋದರೆ ಚೀನಾದ ಹಡಗುಗಳು ಅಡ್ಡ ಬರುತ್ತವೆ.