ಆ ರಾತ್ರಿ ಯಾರ ಹಿಂದೆ ಯಾರು?

ಪುಣೆಯ ಕೋಥರೂಡಿನ ನಮ್ಮ ಕಾಕಾನ ಮನೆಯಲ್ಲಿ ಒಂದು ಬೂಟಿನ ಡಬ್ಬಿಯ ತುಂಬ ಕ್ಯಾಸೆಟ್ಟುಗಳಿವೆ. 1980ರ ದಶಕದ ಒಂದು ಡಿಸೆಂಬರಿನಲ್ಲಿ, ಸವಾಯಿ ಗಂಧರ್ವ ಮಹೋತ್ಸವ ಎಂಬ ಸಂಗೀತೋತ್ಸವದ ಕೊನೆಯ ರಾತ್ರಿ, ರಮಣಬಾಗ್ ಶಾಲೆಯ ಮೈದಾನದಲ್ಲಿ ಟೇಪ್ ರೆಕಾರ್ಡರನ್ನು ಮಡಿಲಲ್ಲಿಟ್ಟುಕೊಂಡು ಅವರೇ ತುಂಬಿಸಿಕೊಂಡದ್ದು. ಮೇಲೆ ಅಂಟಿಸಿದ್ದ ಚೀಟಿಗಳು ಒಂದು ಮಳೆಗಾಲದ ಸೋರಿಕೆಗೆ ಸಿಕ್ಕು ಬರೀ ನೀಲಿ ಕಲೆಗಳಾಗಿವೆ. ಹಾಡು ಉಳಿದಿದೆ, ಕ್ರಮ ಅಳಿಸಿಹೋಗಿದೆ. ಕಳೆದ ರವಿವಾರ ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಡಲು ಹೋದವನು ಆ ಕ್ರಮದ ಬೆನ್ನು ಹತ್ತಿ ದೀಪ ಹಚ್ಚುವ ಹೊತ್ತಿನವರೆಗೆ ಅಲ್ಲೇ ಕೂತೆ.

ಕಾಕಾ ಹುಬ್ಬಳ್ಳಿಯವರು, ನೌಕರಿಗೆಂದು ಪುಣೆಗೆ ಬಂದು ಇಲ್ಲೇ ನೆಲೆ ನಿಂತವರು. ಕುಂದಗೋಳದ ಹಿಂದೂಸ್ತಾನಿ ಗಾಯಕ ರಾಮಭಾವು, ಅಂದರೆ ಸವಾಯಿ ಗಂಧರ್ವರು, 1952ರಲ್ಲಿ ತೀರಿಕೊಂಡದ್ದು ಈ ಊರಿನಲ್ಲೇ. ಮರುವರ್ಷ ಅವರ ಶಿಷ್ಯ, ಗದಗಿನ ಭೀಮಸೇನ ಜೋಶಿಯವರು ಗುರುವಿನ ನೆನಪಿಗೆ ಉತ್ಸವ ಶುರುಮಾಡಿದರು. ಪುಣೆಯ ಮರಾಠಿ ಮಂದಿಗೆ ಅದು ತಮ್ಮ ಹಬ್ಬ. ಅವರು ಬರೀ ‘ಸವಾಯಿ’ ಅನ್ನುತ್ತಾರೆ, ಅಷ್ಟು ಸಲಿಗೆ. ಕಾಕಾನಿಗೆ ಮಾತ್ರ ಅದು ಊರ ಕಡೆಯವರ ಜಾತ್ರೆ. ಶಾಲು, ಚಾಪೆ, ಥರ್ಮಾಸು ಹೊತ್ತು ವರ್ಷ ತಪ್ಪದೆ ಹೋಗುತ್ತಿದ್ದರು.

ಫೈಲುಗಳಿಗೆ ರಾಗದ ಹೆಸರಿಟ್ಟು ಎದ್ದುಬರಬಹುದಿತ್ತು. ಕಾಕಾ ಬಿಡಲಿಲ್ಲ. “ಯಾರ ಹಿಂದ ಯಾರು ಕೂತ್ರು ಅನ್ನೋದು ಗೊತ್ತಾಗದಿದ್ರ ಅದು ಸವಾಯಿ ಅಲ್ಲೋ ತಮ್ಮಾ, ಬರೇ ಹಾಡು” ಎಂದರು. ಅವರು ಹೇಳಿದ್ದು ನಿಜ. ರಾತ್ರಿಯಿಡೀ ನಡೆಯುವ ಸಂಗೀತದಲ್ಲಿ ಯಾರೂ ತಮಗೆ ಬೇಕಾದ ರಾಗವನ್ನು ಬೇಕಾದ ಹೊತ್ತಿಗೆ ಹಾಡುವುದಿಲ್ಲ. ಒಂದು ಕಡೆ ಹೊತ್ತು ಹೇಳಬೇಕು, ಇನ್ನೊಂದು ಕಡೆ ಮುಂಚೆ ಕೂತವರು ಏನು ಹಾಡಿ ಎದ್ದರೆಂಬುದು ಹೇಳಬೇಕು. ಆ ರಾತ್ರಿಯನ್ನು ಎಲ್ಲರೂ ಸೇರಿ ಕಟ್ಟಿದ್ದು, ಒಬ್ಬರು ಬಿಟ್ಟ ಜಾಗದಲ್ಲಿ ಇನ್ನೊಬ್ಬರು ಹೆಜ್ಜೆಯಿಟ್ಟು.

ತುದಿಯಿಂದ ಶುರುಮಾಡಿದೆವು, ತುದಿಯ ಬಗ್ಗೆ ಮಾತ್ರ ಅನುಮಾನವೇ ಇರಲಿಲ್ಲ. ಕೊನೆಯ ಬೆಳಿಗ್ಗೆ ಭೀಮಸೇನರು ಹಾಡಿ ಮುಗಿಸುವುದು, ಆಮೇಲೆ ಸವಾಯಿ ಗಂಧರ್ವರದೇ ಹಳೆಯ ಗ್ರಾಮಫೋನ್ ತಟ್ಟೆಯಿಂದ ‘ಬಿನ ದೇಖೆ ಪಡೇ ನಹೀ ಚೈನ’ ಭೈರವಿ ಠುಮರಿ ಕೇಳಿಸುವುದು ಆಗ ಅಲ್ಲಿಯ ಪದ್ಧತಿ. ಆ ಕರಕರ ಸದ್ದಿನ ಹಿಂದಿನಿಂದ ಗುರುವಿನ ದನಿ ಬಂದ ಕ್ಯಾಸೆಟ್ ಸಿಕ್ಕಿತು, ಅದೇ ಕೊನೆಯದು. ಅದರ ಹಿಂದಿನದು ಸವಾಯಿ ಗಂಧರ್ವರ ಇನ್ನೊಬ್ಬ ಶಿಷ್ಯ ಫಿರೋಜ್ ದಸ್ತೂರರದು. ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರ ‘ಗೋಪಾಲಾ ಮೇರೀ ಕರುನಾ’ ಹಾಡದೆ ಜನ ಅವರನ್ನು ಏಳಗೊಡುತ್ತಿರಲಿಲ್ಲ. ಟೇಪಿನಲ್ಲೂ ಆ ಕೂಗು ಕೇಳುತ್ತದೆ, ಮೊದಲು ಒಂದು ದನಿ, ಆಮೇಲೆ ಇಡೀ ಮಂಟಪ.

ಅಲ್ಲಿಂದ ಹಿಂದಕ್ಕೆ ಲಲತ್, ಬೆಳಗಿನ ಜಾವದ ರಾಗ. ಒಬ್ಬ ಹೆಣ್ಣುಮಗಳ ವಿಲಂಬಿತ ಖ್ಯಾಲ್. ಶುರುವಿನಲ್ಲಿ ಹಿನ್ನೆಲೆಯಲ್ಲಿ ಕೆಮ್ಮು, ಚಾಪೆ ಸರಿದಾಡಿದ ಸದ್ದು ಅಷ್ಟೇ. ಎರಡನೇ ಮಗ್ಗುಲಿಗೆ ಬಂದಾಗ ಕಾಕಾ ನನ್ನ ಕೈ ಹಿಡಿದರು: “ಕೇಳು, ಕಾಗಿ ಎದ್ದಾವ.” ಹೌದು, ಆ ರಾಗದ ಎರಡು ಮಧ್ಯಮಗಳ, ಎರಡು ‘ಮ’ ಸ್ವರಗಳ, ನಡುವೆ ಆಕೆ ನಿಂತಿರುವಾಗಲೇ ಶಾಲೆಯ ಮರಗಳಲ್ಲಿ ಬೆಳಗಾಗತೊಡಗಿತ್ತು.

ನಡುರಾತ್ರಿಯದೇ ಗೋಜಲು. ಬಾಗೇಶ್ರೀ, ದರಬಾರಿ, ಮಾಲಕಂಸ, ಮೂರೂ ಆ ಹೊತ್ತಿನ ರಾಗಗಳೇ, ಯಾವುದು ಎಲ್ಲಿಗಾದರೂ ಹೊಂದುತ್ತದೆ. ಸಾಯಂಕಾಲದವರೆಗೂ ನಮ್ಮನ್ನು ಹಿಡಿದಿಟ್ಟದ್ದು ಇದೇ. ಕೊನೆಗೆ ದಾರಿ ತೋರಿಸಿದ್ದು ಬಾಗೇಶ್ರೀ ಟೇಪಿನ ಬಾಲ. ಚಪ್ಪಾಳೆ ತಣ್ಣಗಾದ ಮೇಲೂ ಕಾಕಾ ಟೇಪ್ ನಿಲ್ಲಿಸಿರಲಿಲ್ಲ. ನಿರೂಪಕರು ಮರಾಠಿಯಲ್ಲಿ “ಯಾನಂತರ…”, ಅಂದರೆ ‘ಇದಾದ ಮೇಲೆ’, ಎನ್ನುತ್ತಾರೆ, ಅಷ್ಟರಲ್ಲಿ ಟೇಪು ಮುಗಿದೇಹೋಗುತ್ತದೆ, ಹೆಸರು ಸಿಗುವುದಿಲ್ಲ. ಆದರೆ ಆ ಮಾತಿನ ಅಡಿಯಲ್ಲಿ ಮುಂದಿನವರು ತಂಬೂರಿಯ ಶ್ರುತಿ ಕೂಡಿಸುತ್ತಿದ್ದಾರೆ. ಕಿವಿಗೆ ಒತ್ತಿ ಕೇಳಿದರೆ ಮೊದಲ ತಂತಿ ನಿಚ್ಚಳವಾಗಿ ಪಂಚಮಕ್ಕೆ, ‘ಪ’ ಸ್ವರಕ್ಕೆ, ಬಂದು ನಿಲ್ಲುತ್ತದೆ. ಮಾಲಕಂಸಕ್ಕೆ ಪಂಚಮವೇ ಇಲ್ಲ, ಅದಕ್ಕೆ ಮಧ್ಯಮದಲ್ಲಿ ಕೂಡಿಸಬೇಕು. ಹಾಗಾಗಿ ಮುಂದೆ ಬಂದದ್ದು ದರಬಾರಿ. ಕಾಕಾ ಎದ್ದು ನಿಂತು ಚಪ್ಪಾಳೆ ಹೊಡೆದರು.

ಮಾಲಕಂಸ ಅದರ ಆಮೇಲೋ, ಬಾಗೇಶ್ರೀಗಿಂತ ಮುಂಚೆಯೋ? ಇದನ್ನು ಹೇಳಿದ್ದು ಬ್ಯಾಟರಿ. ಸೆಲ್ಲು ಸೊರಗಿದಂತೆ ರೆಕಾರ್ಡರಿನ ಮೋಟಾರು ನಿಧಾನವಾಗುತ್ತದೆ. ಹಾಗೆ ನಿಧಾನಕ್ಕೆ ತುಂಬಿಸಿದ ಟೇಪನ್ನು ಸರಿಯಾದ ವೇಗದಲ್ಲಿ ಹಾಕಿದರೆ ಹಾಡು ಓಡುತ್ತದೆ, ಶ್ರುತಿ ಏರುತ್ತದೆ. ಹಾರ್ಮೋನಿಯಂ ಸ್ವರ ತಾನಾಗಿ ಜರುಗುವುದಿಲ್ಲವಲ್ಲ, ಅದನ್ನೇ ಅಳತೆಗೋಲು ಮಾಡಿಕೊಂಡು ಫೋನಿನ ಟ್ಯೂನರ್ ಹಚ್ಚಿ ನೋಡಿದೆ. ಬಾಗೇಶ್ರೀಯಲ್ಲಿ ತುಸು ಏರು, ದರಬಾರಿಯಲ್ಲಿ ಇನ್ನಷ್ಟು, ಮಾಲಕಂಸದ ಮೊದಲ ಮಗ್ಗುಲಿನಲ್ಲಿ ಎಲ್ಲಕ್ಕಿಂತ ಹೆಚ್ಚು. ಎರಡನೇ ಮಗ್ಗುಲಿನಲ್ಲಿ ಒಮ್ಮೆಲೇ ಸರಿಯಾಗಿದೆ. ಒಳಗಿನಿಂದ ಕಾಕಾನ ಹೆಂಡತಿ, ನಮ್ಮ ಕಾಕು, ಹೇಳಿದರು: “ಟಾರ್ಚಿನ ಸೆಲ್ಲು ತೆಗದು ಕೊಟ್ಟಾಕಿ ನಾನs. ಆಮ್ಯಾಲೆ ಮನಿಗೆ ಹೋಗೂದು ಹ್ಯಾಂಗ ಅಂತ ಜಗಳಾನೂ ಆಗಿತ್ತು.” ಅಷ್ಟು ಹೊತ್ತು ಅವರನ್ನು ಕೇಳಬೇಕೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಮೊದಲು ಸಿತಾರಿನ ಬಿಹಾಗ್, ಆಗ ಮಗು ಮಲಗಿತು, ಆಮೇಲೆ ಬಾಗೇಶ್ರೀ ಎಂದು ಮುಂದಿನದನ್ನೂ ಕಾಕುವೇ ಹೇಳಿ ಮುಗಿಸಿದರು.

ಇಷ್ಟೆಲ್ಲ ಯಾಕೆ ಎಂದು ಕೇಳಬಹುದು. 2000ದಲ್ಲಿ ಬಂದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷದಲ್ಲಿ ಕೆಲವೇ ದಿನ ನಡುರಾತ್ರಿಯವರೆಗೆ ವಿನಾಯಿತಿ. ಅಕ್ಕಪಕ್ಕದಲ್ಲಿ ಮಲಗುವವರ ಕಷ್ಟ ನನಗೆ ಅರ್ಥವಾಗುತ್ತದೆ, ನಿಯಮದ ಮೇಲೆ ಸಿಟ್ಟಿಲ್ಲ. ಆದರೆ ಸವಾಯಿ ಇಡೀ ರಾತ್ರಿಯದಾಗಿ ಉಳಿಯಲಿಲ್ಲ. ಈಗ ಅದು ಭೀಮಸೇನರ ಹೆಸರನ್ನೂ ಹೊತ್ತು ಮುಕುಂದನಗರದ ಮೈದಾನದಲ್ಲಿ ನಡೆಯುತ್ತದೆ. ಜನ ತುಂಬಿರುತ್ತಾರೆ, ಹಾಡುವವರೂ ದೊಡ್ಡವರೇ. ಕತ್ತಲಲ್ಲಿ ಶುರುವಾದ ಲಲತ್ ಹಾಡುತ್ತಲೇ ಬೆಳಕಿಗೆ ಬರುವುದನ್ನು ಮಾತ್ರ ಅಲ್ಲಿ ಕೂತು ಕೇಳುವಂತಿಲ್ಲ. ನನ್ನ ಓರಗೆಯವರಿಗೆ ಮಧ್ಯರಾತ್ರಿ ದಾಟಿದ ರಾಗಗಳು ಸಿಕ್ಕಿದ್ದೆಲ್ಲ ಇಯರ್‌ಫೋನಿನಲ್ಲಿ, ಮಧ್ಯಾಹ್ನದ ಲೋಕಲ್ ಬಸ್ಸಿನಲ್ಲಿ. ನನಗೆ ಅದು ದೊಡ್ಡ ನಷ್ಟವೆಂದೇ ತೋರುತ್ತದೆ.

ಪಟ್ಟಿಯನ್ನು ಕನ್ನಡದಲ್ಲಿ ದುಂಡಗೆ ಬರೆದು ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದೆ. ಬರುವ ಶನಿವಾರ ರಾತ್ರಿ ಒಂಬತ್ತಕ್ಕೆ ಮೊದಲನೆಯದನ್ನು ಹಾಕುವುದೆಂದು ಠರಾವಾಗಿದೆ, ಕಿಟಕಿ ಮುಚ್ಚಿ, ದನಿ ಇಳಿಸಿ. ಐದು ಗಂಟೆಗೆ ಮುಂಚೆ ಲಲತ್ ಹಚ್ಚಕೂಡದು ಎಂಬುದು ಕಾಕಾನ ಕರಾರು. ಕಾಕು ಹೊಸ ಥರ್ಮಾಸು ತರಲು ಹೇಳಿದ್ದಾರೆ.