ಜರ್ಮನಿಯ ಕಾವಲುನಾಯಿ ಪರೀಕ್ಷೆ, ಮಲೆನಾಡಿನ ಅಂಗಳಕ್ಕೆ

ಕೊನೆಕೊಯ್ಲು ಶುರುವಾಗಿ ಅಂಗಳದಲ್ಲಿ ಅಡಿಕೆ ಹರವಿದ ಕೂಡಲೇ ತೀರ್ಥಹಳ್ಳಿ, ಸಾಗರದ ಕಡೆಯಿಂದ ಜರ್ಮನಿಯಲ್ಲಿರುವ ನನಗೆ ಬರುವ ಪ್ರಶ್ನೆ ಒಂದೇ: "ಒಂದು ಶೆಫರ್ಡ್ ಮರಿ ತಂದು ಕಟ್ಟಿದ್ರೆ ಕಳ್ಳರ ಕಾಟ ತಪ್ಪುತ್ತಾ ಮಾರಾಯ?" ಆ ಜಾತಿ ಹುಟ್ಟಿದ ಈ ನಾಡಿನಲ್ಲಿ ಬರೀ ಜಾತಿಯ ಹೆಸರಿಗೆ ಅಷ್ಟು ಬೆಲೆಯಿಲ್ಲ. 1899ರಲ್ಲಿ ಶುರುವಾದ ಜರ್ಮನ್ ಶೆಫರ್ಡ್ ಸಂಘ ಮೊದಲಿನಿಂದಲೂ ಹಿಡಿದ ಹಟವೆಂದರೆ, ಕೆಲಸ ಮಾಡಿ ತೋರಿಸಿದ ನಾಯಿಯಿಂದಲೇ ಮರಿ ತೆಗೆಯಬೇಕು. ಅಪ್ಪ ಅಮ್ಮ ಯಾವ ಪರೀಕ್ಷೆಗೂ ನಿಲ್ಲದ ಮರಿಯಲ್ಲಿ ಬಣ್ಣ ಇರುತ್ತದೆ, ನೆಟ್ಟಗಿನ ಕಿವಿ ಇರುತ್ತದೆ, ಗುಣ ಮಾತ್ರ ಅದೃಷ್ಟದ ಮೇಲೆ.

ಇಲ್ಲಿ ನಾಯಿಗೆ ಕಚ್ಚುವ ಪರೀಕ್ಷೆ ಮೊದಲು ಬರುವುದಿಲ್ಲ. ಹದಿನೈದು ತಿಂಗಳು ತುಂಬಿದ ಮೇಲೆ 'ಬಿಎಚ್', ಅಂದರೆ ಜೊತೆನಾಯಿ ಎಂಬ ಪರೀಕ್ಷೆ. ಮೈದಾನದಲ್ಲಿ ವಿಧೇಯತೆಗೆ 60 ಅಂಕ, ಪಾಸಾಗಲು 42 ಬೇಕು. ಅದು ಮುಗಿದರೆ ಬೀದಿಗೆ. ಸೈಕಲ್ಲಿನವನು ಗಂಟೆ ಬಾರಿಸುತ್ತ ಪಕ್ಕದಲ್ಲೇ ಹೋಗುತ್ತಾನೆ, ಓಡುವವನೊಬ್ಬ ಮೈ ಸವರಿದಷ್ಟು ಹತ್ತಿರ ದಾಟುತ್ತಾನೆ, ಜನರ ಗುಂಪಿನ ನಡುವೆ ನಡೆಸುತ್ತಾರೆ, ಕೊನೆಗೆ ನಾಯಿಯನ್ನು ಕಟ್ಟಿ ಯಜಮಾನ ಕಣ್ಮರೆಯಾಗುತ್ತಾನೆ. ಇಷ್ಟನ್ನು ತಾಳದ ನಾಯಿಗೆ ರಕ್ಷಣಾ ಪರೀಕ್ಷೆಯ ಬಾಗಿಲು ಮುಚ್ಚಿದ ಹಾಗೆ. ಸಂತೆಯಲ್ಲಿ ನಿಲ್ಲಲಾಗದ ಪ್ರಾಣಿಗೆ ಹಲ್ಲು ಊರುವುದನ್ನು ಕಲಿಸಿದರೆ ಆಮೇಲೆ ಅದನ್ನು ಹಿಡಿಯುವವರು ಯಾರು?

ಗುಣ ನೋಡುವ ಪರೀಕ್ಷೆಗಳು ದೇಶಕ್ಕೊಂದು ಥರ. ಸ್ವೀಡನ್ನಿನದರಲ್ಲಿ ಮನುಷ್ಯಾಕೃತಿಯ ಬಟ್ಟೆಯೊಂದು ನೆಲದಿಂದ ದಿಢೀರನೆ ಮೇಲೇಳುತ್ತದೆ, ತಗಡಿನ ಮೇಲೆ ಸರಪಳಿ ಎಳೆದು ಸದ್ದು ಮಾಡುತ್ತಾರೆ, ಬಿಳಿ ಬಟ್ಟೆ ಹೊದ್ದವರು ಭೂತದ ಹಾಗೆ ನಿಧಾನವಾಗಿ ಹತ್ತಿರ ಬರುತ್ತಾರೆ. ಅಮೆರಿಕದ್ದು ಇನ್ನೂ ಸರಳ, ಮನೆಯಂಗಳಕ್ಕೂ ಒಗ್ಗುವಂಥದ್ದು: ಆರಡಿ ಹಗ್ಗವನ್ನು ಸಡಿಲ ಬಿಟ್ಟು ನಾಯಿಯನ್ನು ನಡೆಸುವಾಗ ಸ್ನೇಹದ ಅಪರಿಚಿತ, ಮರೆಯಲ್ಲಿ ಕಲ್ಲು ತುಂಬಿದ ಬಕೆಟ್ಟಿನ ಸದ್ದು, ಮೂರು ಗುಂಡಿನ ಸದ್ದು, ಐದಡಿ ದೂರದಲ್ಲಿ ಫಕ್ಕನೆ ಬಿಚ್ಚುವ ಕೊಡೆ, ಕಾಲಡಿಗೆ ಪ್ಲಾಸ್ಟಿಕ್ ಹಾಳೆ ಮತ್ತು ತಂತಿ ಜಾಲರಿ, ಕೊನೆಯಲ್ಲಿ ವಿಚಿತ್ರವಾಗಿ ಆಡುತ್ತ ಬರಬರುತ್ತ ಬೆದರಿಸುವ ಒಬ್ಬ. ಯಜಮಾನ ಬಾಯಿ ಬಿಡುವಂತಿಲ್ಲ.

ಕೊಡೆ ಬಿಚ್ಚಿದಾಗ ಬೆಚ್ಚಿದರೆ ತಪ್ಪಿಲ್ಲ. ಬೆಚ್ಚದ ನಾಯಿಗೆ ಕಿವಿಯೋ ಕಣ್ಣೋ ಮಂದ ಇರಬಹುದು. ಬೆಚ್ಚಿದ ಮೇಲಿನ ಕ್ಷಣಗಳೇ ಪರೀಕ್ಷೆ. ಒಳ್ಳೆಯ ನಾಯಿ ಒಂದು ಹೆಜ್ಜೆ ಹಿಂದೆ ಸರಿದು, ಕತ್ತು ಚಾಚಿ, ತಾನೇ ಹೋಗಿ ಕೊಡೆಯ ಅಂಚು ಮೂಸುತ್ತದೆ. ಮಧ್ಯಮದ್ದಕ್ಕೆ ಯಜಮಾನನೂ ಜೊತೆಗೆ ಹೋಗಬೇಕಾಗುತ್ತದೆ. ಬಾಲ ಮುದುರಿ ಹಗ್ಗ ಹರಿದುಕೊಳ್ಳುವಂತೆ ಎಳೆಯುತ್ತಲೇ ಇದ್ದರೆ, ಅಥವಾ ಸುಮ್ಮನೆ ನಿಂತ ಮನುಷ್ಯನ ಮೇಲೆ ಎರಗಿದರೆ, ಫೇಲು. ನಮ್ಮಲ್ಲಿ ಸರಪಳಿಯ ತುದಿಯಲ್ಲಿ ನಿಂತು ಬಾಯಲ್ಲಿ ನೊರೆ ತರುವ ನಾಯಿಯನ್ನು "ಏನು ಜೋರಾಗಿದೆ" ಎಂದು ಹೊಗಳುತ್ತೇವಲ್ಲ, ಅಂಥವುಗಳಲ್ಲಿ ಹೆಚ್ಚಿನವು ಹೆದರಿದ ನಾಯಿಗಳು. ಸರಪಳಿ ಬಿಚ್ಚಿ ನೋಡಿದರೆ ಕೊಟ್ಟಿಗೆಯ ಹಿಂದೆ ಹೋಗಿ ನಿಲ್ಲುತ್ತವೆ, ಇಲ್ಲವೇ ಹಿಂದಿನಿಂದ ಬಂದು ಮೀನಖಂಡಕ್ಕೆ ಬಾಯಿ ಹಾಕುತ್ತವೆ.

ರಕ್ಷಣಾ ಪರೀಕ್ಷೆಗೆ ಈಗ 'ಐಜಿಪಿ' ಎಂದು ಹೆಸರು, ಹಿಂದೆ 'ಶುಟ್ಸ್‌ಹುಂಡ್' ಎನ್ನುತ್ತಿದ್ದರು. ವಾಸನೆ ಹಿಡಿದು ಹೋಗುವುದು, ವಿಧೇಯತೆ, ರಕ್ಷಣೆ, ಮೂರಕ್ಕೂ ನೂರು ನೂರು ಅಂಕ, ಒಂದೊಂದರಲ್ಲೂ 70 ಬರಬೇಕು. ಮೇಲಿನ ಹಂತದಲ್ಲಿ ನಾಯಿ ಮನುಷ್ಯ ಅಡಗಿ ನಿಲ್ಲುವಂಥ ಆರು ಮರೆಗಳನ್ನು ಸುತ್ತಿ ಹುಡುಕುತ್ತದೆ. ಕೊನೆಯದರಲ್ಲಿ ಕೈಗೆ ದಪ್ಪ ತೋಳುಕವಚ ತೊಟ್ಟ ಸಹಾಯಕ ಅಲುಗದೆ ನಿಂತಿರುತ್ತಾನೆ. ನಾಯಿ ಅವನ ಎದುರೇ ನಿಂತು ಬೊಗಳಬೇಕು, ಬಾಯಿ ಹಾಕಿದರೆ ಅಂಕ ಹೋಯಿತು. ಅವನು ಓಡಿದರೆ ಅಥವಾ ಮೇಲೆ ಬಿದ್ದರೆ ಮಾತ್ರ ಹಿಡಿಯಬೇಕು. ಹಿಡಿದಾಗ ತೀರ್ಪುಗಾರರ ಕಣ್ಣೆಲ್ಲ ಬಾಯಿಯ ಮೇಲೆ: ದವಡೆ ತುಂಬ, ಅಲ್ಲಾಡದೆ ಹಿಡಿದಿದ್ದರೆ ಧೈರ್ಯ, ಮುಂದಿನ ಹಲ್ಲಲ್ಲಿ ಚುಚ್ಚಿ ಚುಚ್ಚಿ ಬಿಡುತ್ತಿದ್ದರೆ ಒಳಗೆ ಅಳುಕು. ಮೆತ್ತೆ ಸುತ್ತಿದ ಕೋಲೆತ್ತಿ ಬೆದರಿಸಿದಾಗ ಹಿಡಿತ ಸಡಿಲಾದರೂ ಅದೇ ಅರ್ಥ. ಸಹಾಯಕ ನಿಂತ ಮೇಲೆ ಯಜಮಾನ "ಔಸ್" ಎಂದರೆ ಬಿಡಬೇಕು. ಮೂರನೇ ಸಲ ಹೇಳಿಯೂ ಬಿಡದಿದ್ದರೆ ಎಷ್ಟೇ ಶೂರನಾದರೂ ಪರೀಕ್ಷೆಯಿಂದ ಹೊರಗೆ.

ಈ ಪದ್ಧತಿಗೂ ಒಂದು ಐಬು ಇದೆ. ತೋಳುಕವಚವನ್ನೇ ಆಟದ ಸಾಮಾನು ಎಂದುಕೊಂಡ ನಾಯಿ, ಕವಚ ಕಳಚಿ ಬಿಸಾಡಿದರೆ ಅದನ್ನೇ ಕಚ್ಚಿಕೊಂಡು ಹೋಗುತ್ತದೆ, ಮನುಷ್ಯನನ್ನು ತಿರುಗಿಯೂ ನೋಡುವುದಿಲ್ಲ. ಅದಕ್ಕೇ ನಿಜವಾದ ಕೆಲಸಕ್ಕೆ ನಾಯಿ ಆರಿಸುವವರು ಬಾಯಿಕುಕ್ಕೆ ಹಾಕಿ, ಅಥವಾ ಸಹಾಯಕನ ಅಂಗಿಯೊಳಗೆ ಕವಚ ಬಚ್ಚಿಟ್ಟು, ನಾಯಿ ಕಂಡೇ ಇರದ ಜಾಗದಲ್ಲಿ ಇನ್ನೊಮ್ಮೆ ನೋಡುತ್ತಾರೆ.

ಇನ್ನು ನಮ್ಮ ತೋಟದ ವಿಷಯ. ಕಚ್ಚಿಸುವ ಭಾಗವನ್ನು ಮನೆಯಲ್ಲಿ ಖಂಡಿತ ಮಾಡಬೇಡಿ. ಕೈಗೆ ಗೋಣಿಚೀಲ ಸುತ್ತಿಕೊಂಡು ನಾಯಿಯನ್ನು ಕೆಣಕುವುದು ತರಬೇತಿಯಲ್ಲ. ಅದು ಕಲಿಯುವುದು ಕೈ ಕಂಡರೆ ಹಿಡಿಯಬೇಕು ಎಂದಷ್ಟೇ. ಕೊನೆಗಾರರು, ಅಡಿಕೆ ಸುಲಿಯುವವರು, ಹಾಲಿನವರು ದಿನವೂ ಬರುವ ಮನೆ ನಮ್ಮದು. ಸಾಕಿದ ಪ್ರಾಣಿಯ ಬಗ್ಗೆ ನಿರ್ಲಕ್ಷ್ಯ ತೋರಿ ಇನ್ನೊಬ್ಬರಿಗೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸಜೆಯಿದೆ. ತೋಟಕ್ಕೆ ಬೇಕಾದದ್ದು ಉಣುಗೋಲಿನ ಹತ್ತಿರ ಹೊಸಬರು ಬಂದರೆ ಬೊಗಳುವ, ಹಿಂದೆ ಸರಿಯದ, "ಸಾಕು" ಎಂದರೆ ನಿಲ್ಲಿಸುವ ನಾಯಿ. ಅದು ಊರಿನ ನಾಟಿ ನಾಯಿಯಲ್ಲೂ ಸಿಗುತ್ತದೆ. ಎಷ್ಟೋ ಸಲ ನಾಟಿಯಲ್ಲೇ ಸಿಗುತ್ತದೆ.

ಗುಣಪರೀಕ್ಷೆಯನ್ನು ಮಾತ್ರ ಧಾರಾಳವಾಗಿ ಮಾಡಬಹುದು. ನಾಯಿಗೆ ಒಂದೂವರೆ ವರ್ಷವಾಗಿರಲಿ. ಏಳೆಂಟು ತಿಂಗಳಲ್ಲಿ ಸುಮ್ಮಸುಮ್ಮನೆ ಹೆದರುವ ಕಾಲವೊಂದು ಬಂದುಹೋಗುತ್ತದೆ, ಆಗ ನೋಡಿದರೆ ಒಳ್ಳೆಯದೂ ಫೇಲಾಗುತ್ತದೆ. ಉಣುಗು ಕಚ್ಚಿ ಜ್ವರ ಬಂದ ನಾಯಿ ಮಂಕಾಗಿರುವುದನ್ನು ಅಂಜಿಕೆ ಎಂದುಕೊಳ್ಳಬೇಡಿ, ಮೊದಲು ಪಶುವೈದ್ಯರಿಗೆ ತೋರಿಸಿ. ಸಾದಾ ಪಟ್ಟಿ ಹಾಕಿ, ಅನುಮಾನವಿದ್ದರೆ ಬಾಯಿಕುಕ್ಕೆಯನ್ನೂ ಹಾಕಿ, ಮನೆಯಿಂದ ದೂರದ ಗದ್ದೆಬಯಲಿಗೆ ಒಯ್ಯಿರಿ. ಸ್ವಂತ ಅಂಗಳದಲ್ಲಿ ಎಲ್ಲ ನಾಯಿಯೂ ಹುಲಿಯೇ. ಬೆದರಿಸುವವನು ನಾಯಿ ಎಂದೂ ನೋಡಿರದ ಮನುಷ್ಯನಾಗಿರಬೇಕು, ಕಂಬಳಿ ಕೊಪ್ಪೆ ಹಾಕಿ ಬಂದರೆ ಇನ್ನೂ ವಾಸಿ. ಹಗ್ಗದಳತೆಗಿಂತ ಹತ್ತಿರ ಮಾತ್ರ ಬರಬಾರದು. ಡಬ್ಬಿಯಲ್ಲಿ ಜಲ್ಲಿಕಲ್ಲು, ಹಳೆ ತಗಡು, ಕೊಡೆ, ಅಡಿಕೆ ಒಣಗಿಸುವ ಟಾರ್ಪಾಲು ಸಾಕು. ಸದ್ದಿಗೆ ದೂರದಿಂದ ಪಟಾಕಿ, ಕಾಲ ಬುಡದಲ್ಲಿ ಬೇಡ. ಒಂದೊಂದರ ನಡುವೆ ನಾಯಿ ಮೈ ಸಡಿಲಿಸುವ ತನಕ ಕಾಯಿರಿ. ಹೆಚ್ಚಿನವರು ಎಡವುವುದು ಹಗ್ಗದಲ್ಲಿ: ತಮಗೇ ಗೊತ್ತಿಲ್ಲದೆ ಬಿಗಿಯುತ್ತಾರೆ, ಬಿಗಿದದ್ದೇ ನಾಯಿಗೆ "ಏನೋ ಆಪತ್ತಿದೆ" ಎಂಬ ಸೂಚನೆ.

ಚಿರತೆಗೆ ಇದ್ಯಾವ ಅಂಕವೂ ಲೆಕ್ಕಕ್ಕಿಲ್ಲ. ಕಾಡಂಚಿನ ಮನೆಯಲ್ಲಿ ರಾತ್ರಿ ಅಂಗಳದಲ್ಲಿ ಕಟ್ಟಿಹಾಕಿದ ನಾಯಿ ಅದಕ್ಕೆ ಇಟ್ಟ ಊಟ. ಗಟ್ಟಿ ಚಿಲಕದ ಗೂಡು ಜಗಲಿಗೆ ಹತ್ತಿರವಿರಲಿ, ಬೊಗಳಿದ್ದು ನಿಮಗೆ ಕೇಳಿಸಿದರೆ ಆಯಿತು.

"ಅಟ್ಯಾಕ್ ಟ್ರೈನಿಂಗ್ ಆಗಿದೆ" ಎಂದು ಹೆಚ್ಚಿನ ದುಡ್ಡು ಕೇಳುವವರ ಹತ್ತಿರ ಕಚ್ಚಿಸಿ ತೋರಿಸಿ ಎನ್ನಬೇಡಿ, ಅದನ್ನು ಯಾರಾದರೂ ತೋರಿಸುತ್ತಾರೆ. ಹಿಡಿದದ್ದನ್ನು ಒಂದೇ ಮಾತಿಗೆ ಬಿಡಿಸಿ ಎನ್ನಿ. ಆಮೇಲೆ ಹಗ್ಗವನ್ನು ನಿಮ್ಮ ಕೈಗೆ ಕೊಡಲು ಹೇಳಿ, ಅದೇ ನಾಯಿಯನ್ನು ಬಸ್‌ಸ್ಟ್ಯಾಂಡಿನ ತನಕ ನಡೆಸಿಕೊಂಡು ಹೋಗಿ ಬನ್ನಿ.